ಪಠ್ಯವನ್ನು ಮುಚ್ಚಿಟ್ಟು ನಿಮ್ಮ ಪ್ರಶ್ನೆಗಳನ್ನು ಓದಿದೆ

ಪ್ರಿಯ ಲೇಖಕರೇ,

ಎರಡನೇ ಭಾಷೆಯಾಗಿ ಕನ್ನಡ ಕಲಿಯುವವರಿಗೆ ಪರೀಕ್ಷೆ ರೂಪಿಸುವ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೂ ಕೈಬಿಡಬೇಡಿ, ನಿಮ್ಮ ನಾಲ್ಕನೇ ಪುಟ ಓದಿ ಹೀಗೆ ಹೇಳುತ್ತಿದ್ದೇನೆ.

ಮೊದಲ ಮೂರು ಪುಟಗಳು ಸಪ್ರಮಾಣತೆ (ಪರೀಕ್ಷೆ ಅಳೆಯಬೇಕಾದ್ದನ್ನೇ ಅಳೆಯುವುದು), ವಿಶ್ವಾಸಾರ್ಹತೆ (ಮತ್ತೆ ಮತ್ತೆ ಅಳೆದರೂ ಫಲಿತಾಂಶ ಬದಲಾಗದಿರುವುದು) ಎಂಬ ಪದಗಳ ವ್ಯಾಖ್ಯೆಗೇ ಹೋಗಿವೆ. ನಾಲ್ಕನೆಯದರಲ್ಲಿ ಜೇನುನೊಣದ ಬಗ್ಗೆ ಒಂದು ಗದ್ಯಭಾಗ, ಕೆಳಗೆ ಐದು ಪ್ರಶ್ನೆಗಳಿವೆ. ಗದ್ಯದ ಮೇಲೆ ಹಾಳೆ ಮುಚ್ಚಿ ಪ್ರಶ್ನೆಗಳನ್ನಷ್ಟೇ ಓದಿದೆ. ನಾಲ್ಕಕ್ಕೆ ಸರಿಯುತ್ತರ ಸಿಕ್ಕಿತು. ‘ಜೇನುನೊಣ ಹೂವಿನಿಂದ ಏನನ್ನು ಹೀರುತ್ತದೆ?’ ಎಂದು ಕೇಳಿ ಮಕರಂದ, ಮಣ್ಣು, ಎಣ್ಣೆ, ಹಾಲು ಎಂದು ಆಯ್ಕೆ ಕೊಟ್ಟರೆ ಗದ್ಯ ಓದದವರಿಗೂ ಅಂಕ ಬರುತ್ತದೆ. ಅಲ್ಲಿ ಅಳೆದದ್ದು ಲೋಕಜ್ಞಾನವನ್ನು. ಸಪ್ರಮಾಣತೆ ಕೆಡುವುದೆಂದರೆ ಇದೇ. ಲೇಖನ ಇಲ್ಲಿಂದಲೇ ಶುರುವಾಗಲಿ.

ಅದೇ ಪುಟದ ಇನ್ನೊಂದು ಪ್ರಶ್ನೆ ನನಗೆ ಬಹಳ ಹಿಡಿಸಿತು. ‘____ ಹಸಿವಾಗಿದೆ’ ಎಂಬುದಕ್ಕೆ ನಾನು, ನನ್ನ, ನನಗೆ, ನನ್ನನ್ನು ಎಂಬ ಆಯ್ಕೆಗಳು. ಹಸಿದವರೇ ಕರ್ತೃವಾಗುವ ಭಾಷೆಯಿಂದ ಬಂದವರು ‘ನಾನು’ ಎಂದೇ ಗುರುತು ಹಾಕುವ ಸಂಭವ ಹೆಚ್ಚು. ಹಾಗೆ ಹಾಕಿದರೆ, ಚತುರ್ಥಿ ವಿಭಕ್ತಿಯ (‘ನನಗೆ’ ಎಂಬಲ್ಲಿನ ‘ಗೆ’) ಈ ಬಳಕೆ ಇನ್ನೂ ಮನಸ್ಸಿಗೆ ಹತ್ತಿಲ್ಲ ಎಂದು ಶಿಕ್ಷಕರಿಗೆ ತಿಳಿಯುತ್ತದೆ. ತಪ್ಪು ಆಯ್ಕೆಗಳನ್ನು ಹೀಗೆ ಕಲಿಯುವವರ ನಿಜವಾದ ತಪ್ಪುಗಳಿಂದಲೇ ಹೆಕ್ಕಬೇಕು. ಇಷ್ಟು ಒಳ್ಳೆಯ ಪ್ರಶ್ನೆಯ ಬಗ್ಗೆ ಒಂದು ಸಾಲೂ ಬರೆಯದೆ ಮುಂದೆ ಹೋಗಿದ್ದೀರಿ. ನನಗೆ ನಿಜಕ್ಕೂ ಬೇಸರವಾಯಿತು.

ಆಲಿಸುವ ಪರೀಕ್ಷೆಯಲ್ಲಿ ಆಯ್ಕೆಗಳು ಎರಡೆರಡು ಸಾಲಿವೆ. ಅವನ್ನು ಓದಿ ಮುಗಿಸುವಷ್ಟರಲ್ಲಿ ಧ್ವನಿ ನಿಂತಿರುತ್ತದೆ. ಮೊಟಕುಗೊಳಿಸಿ.

ಒಂದು ತಪ್ಪನ್ನೂ ತಿದ್ದಿಕೊಳ್ಳಿ. ಇಷ್ಟು ಪದಕ್ಕೊಂದು ಎಂದು ಗೊತ್ತುಪಡಿಸಿದ ಅಂತರದಲ್ಲಿ ಪದ ಅಳಿಸಿ ತುಂಬಿಸುವ ಕ್ಲೋಜ್ ಪರೀಕ್ಷೆ ಭಾಷೆ ಕಲಿಯುವವರಿಗಾಗಿಯೇ ಹುಟ್ಟಿತು ಎಂದಿದ್ದೀರಿ. 1953ರಲ್ಲಿ ಅಮೆರಿಕದ ಸಂಶೋಧಕ ವಿಲ್ಸನ್ ಟೇಲರ್ ಅದನ್ನು ಮುಂದಿಟ್ಟದ್ದು ಬರಹವೊಂದು ಓದಲು ಎಷ್ಟು ಸುಲಭ ಎಂದು ಅಳೆಯಲು. ಇಂಗ್ಲಿಷಿನಲ್ಲಿ ನಡೆದ, ಪದ ಎಣಿಸಿ ಅಳಿಸುವ ಆ ಲೆಕ್ಕ ಕನ್ನಡಕ್ಕೆ ಹಾಗೆಯೇ ಹೊಂದುವುದಿಲ್ಲ. ‘ಮನೆಯಿಂದ’ ಎಂಬ ಒಂದೇ ಪದದಲ್ಲಿ ನಾಮಪದವೂ ಇದೆ, ವಿಭಕ್ತಿಯೂ ಇದೆ. ಇಡೀ ಪದವನ್ನು ಅಳಿಸಬೇಕೇ, ಪ್ರತ್ಯಯವನ್ನಷ್ಟೇ ಅಳಿಸಬೇಕೇ? ಎರಡೂ ಬೇರೆ ಬೇರೆ ಶಕ್ತಿಯನ್ನು ಅಳೆಯುತ್ತವೆ. ತರಗತಿಯಲ್ಲಿ ಕಲಿಸುವ ನೀವು ಇದರ ಬಗ್ಗೆ ಏನು ಹೇಳುತ್ತೀರಿ ಎಂದು ಓದುವ ಆಸೆ ನನಗಿದೆ.

ಜೇನುನೊಣದ ಪ್ರಶ್ನೆಗಳನ್ನು ಹೊಸದಾಗಿ ಬರೆದು ಹತ್ತು ಮಂದಿ ಕಲಿಯುವವರ ಮುಂದಿಡಿ. ಐವರಿಗೆ ಗದ್ಯ ಕೊಡಿ, ಐವರಿಗೆ ಕೊಡಬೇಡಿ. ಎರಡೂ ಗುಂಪಿನ ಉತ್ತರಗಳನ್ನು ಮುಂದಿನ ಕರಡಿನೊಂದಿಗೆ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ