ಋಣಾತ್ಮಕ ಫೀಡ್‌ಬ್ಯಾಕ್ ಇದ್ದೂ ಯೀಸ್ಟ್ ಕೋಶದ ಸಂಕೇತ ಏಕೆ ಓಲಾಡುತ್ತದೆ?

ಋಣಾತ್ಮಕ ಫೀಡ್‌ಬ್ಯಾಕ್ (ಒಂದು ಬದಲಾವಣೆ ತನ್ನನ್ನೇ ತಗ್ಗಿಸುವ ಮರುಪರಿಣಾಮ) ಇರುವುದೇ ಸ್ಥಿರತೆಗಾಗಿ, ಹಾಗಿದ್ದರೆ ಯೀಸ್ಟ್ ಕೋಶದಲ್ಲಿ ಅದರಿಂದಲೇ ಆಂದೋಲನ ಹುಟ್ಟುವುದು ಹೇಗೆ ಎಂದು ಕೇಳಿದ್ದೀರಿ. ಹಾಸನದಲ್ಲಿ ಪದವಿ ತರಗತಿಗಳಿಗೆ ಜೀವಶಾಸ್ತ್ರ ಕಲಿಸುವ ನನಗೆ ಈ ಗೊಂದಲ ಚೆನ್ನಾಗಿ ಪರಿಚಿತ. ಇದನ್ನು ಹುಟ್ಟಿಸುವುದು ಪಠ್ಯದ ಚಿತ್ರಗಳು. ಅವುಗಳಲ್ಲಿ ಬಾಣಗಳಿರುತ್ತವೆ, ಕಾಲ ಇರುವುದಿಲ್ಲ.

ಸಕಲೇಶಪುರದ ಕಡೆಯ ತೋಟಗಳಲ್ಲಿ ಮೋಟಾರು ಕೆಳಗೆ ಕೆರೆಯ ಬಳಿ, ತೊಟ್ಟಿ ಗುಡ್ಡದ ಮೇಲೆ. ತೊಟ್ಟಿ ತುಂಬಿದ್ದನ್ನು ಕಂಡವನು ಇಳಿದು ಬಂದು ಸ್ವಿಚ್ ಆರಿಸುವಷ್ಟರಲ್ಲಿ ನೀರು ಉಕ್ಕಿ ಹರಿದಿರುತ್ತದೆ. ಖಾಲಿಯಾಗುತ್ತಿದೆ ಎಂದು ತಿಳಿದು ಮತ್ತೆ ಹಾಕುವಷ್ಟರಲ್ಲಿ ತಳ ಕಂಡಿರುತ್ತದೆ. ತಿದ್ದುವ ಕ್ರಮ ಸರಿಯಾಗಿಯೇ ಇದೆ, ತಡವಾಗಿದೆ ಅಷ್ಟೆ. ತಡವೂ ಇದ್ದು ತಿದ್ದುಪಡಿಯ ಹೊಡೆತವೂ ಜೋರಾಗಿದ್ದರೆ ಆಂದೋಲನ. ಎರಡರಲ್ಲಿ ಒಂದು ಕಡಿಮೆಯಾದರೂ ಏರಿಳಿತ ಸೊರಗಿ ನಿಲ್ಲುತ್ತದೆ.

ಯೀಸ್ಟ್‌ನಲ್ಲಿ ಎರಡೂ ಬಗೆ ಸಿಗುತ್ತವೆ. ಉಪ್ಪಿನ ಒತ್ತಡ ಬಿದ್ದರೆ ಹಾಗ್1 ಎಂಬ ಕೈನೇಸ್ (ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಜೋಡಿಸುವ ಕಿಣ್ವ) ಕೆಲವೇ ನಿಮಿಷಗಳಲ್ಲಿ ಕೋಶಕೇಂದ್ರಕ್ಕೆ ನುಗ್ಗುತ್ತದೆ, ಗ್ಲಿಸರಾಲ್ ಸಂಗ್ರಹವಾಗಿ ಕೋಶದ ಗಾತ್ರ ಮರಳುತ್ತಿದ್ದಂತೆ ಹೊರಬರುತ್ತದೆ. ಸಾಮಾನ್ಯವಾಗಿ ಒಂದೇ ಅಲೆ, ಅಲ್ಲಿಗೆ ಮುಗಿಯಿತು.

ಒತ್ತಡ ಎದುರಿಸುವ ಜೀನುಗಳನ್ನು ಚಾಲೂ ಮಾಡುವ ಎಂಎಸ್‌ಎನ್2 ಪ್ರೋಟೀನಿನ ಕಥೆ ಬೇರೆ. ಪಿಕೆಎ ಕಿಣ್ವ ಚುರುಕಾಗಿದ್ದಾಗ ಈ ಪ್ರೋಟೀನ್ ಕೋಶಕೇಂದ್ರದ ಹೊರಗಿರುತ್ತದೆ. ಪಿಕೆಎ ಮಂಕಾದರೆ ಎಂಎಸ್‌ಎನ್2 ಒಳಗೆ ಹೋಗುತ್ತದೆ. ಪಿಕೆಎ ನಡೆಯುವುದು ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಸಂಕೇತ ಅಣುವಿನ ಬಲದಿಂದ, ಆದರೆ ತಾನು ಚುರುಕಾದಾಗ ಆ ಸೈಕ್ಲಿಕ್ ಎಎಂಪಿಯನ್ನೇ ಇಳಿಸುವ ವ್ಯವಸ್ಥೆಗೆ ಚಾಲನೆ ಕೊಡುತ್ತದೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎಂಎಸ್‌ಎನ್2 ನಿಮಿಷಗಳ ಅಂತರದಲ್ಲಿ ಒಳಗೂ ಹೊರಗೂ ಓಡಾಡುವುದು ಕಂಡಿತು. ತಮಾಷೆಯೆಂದರೆ, ಅಲ್ಲಿ ಕೋಶಗಳನ್ನು ಕಾಡಿದ್ದು ಸೂಕ್ಷ್ಮದರ್ಶಕದ ಬೆಳಕೇ. ಬೆಳಕು ಮಧ್ಯಮವಾಗಿದ್ದಾಗ ಮಾತ್ರ ಓಲಾಟ.

ಇನ್ನೊಂದು ಎಚ್ಚರ. ಆ ಪ್ರಯೋಗದಲ್ಲಿ ಪಕ್ಕಪಕ್ಕದ ಕೋಶಗಳಿಗೂ ತಾಳಮೇಳ ಇರಲಿಲ್ಲ. ಲಕ್ಷಾಂತರ ಕೋಶಗಳನ್ನು ಅರೆದು ಸರಾಸರಿ ಅಳೆದರೆ ಏರಿಳಿತಗಳು ಒಂದನ್ನೊಂದು ಅಳಿಸಿಹಾಕಿ ಸಪಾಟು ಗೆರೆ ಬರುತ್ತದೆ. ಆ ಗೆರೆಯನ್ನು ನೋಡಿ ಸ್ಥಿರವಾಗಿದೆ ಎಂದು ತೀರ್ಮಾನಿಸಬೇಡಿ, ಒಂಟಿ ಕೋಶವನ್ನು ಹಿಂಬಾಲಿಸಿ.

ಕಂಪ್ಯೂಟರ್‌ನಲ್ಲಿ ಮಾದರಿ ಮಾಡುವುದಾದರೆ ಕೊನೆಯ ಉತ್ಪನ್ನ ಮೊದಲ ಹಂತವನ್ನೇ ತಡೆಯುವ ಗುಡ್ವಿನ್ ಮಾದರಿಯಿಂದ ಆರಂಭಿಸಿ. ಮೂರು ಹಂತಗಳ ಆ ಸರಪಳಿಯಲ್ಲಿ ವಿಘಟನೆ ಸರಳ ಅನುಪಾತದಲ್ಲಿದ್ದರೆ, ಹಿಲ್ ಘಾತ (ಪ್ರತಿಕ್ರಿಯೆ ಎಷ್ಟು ಕಡಿದು ಎಂಬುದರ ಅಳತೆ) 8 ದಾಟುವವರೆಗೆ ನಿಲ್ಲದ ಆಂದೋಲನ ಬರುವುದಿಲ್ಲ. ನಿಜವಾದ ಪ್ರೋಟೀನುಗಳಿಗೆ ಅಷ್ಟು ಕಡಿದಾದ ಪ್ರತಿಕ್ರಿಯೆ ಅಪರೂಪ. ಆದ್ದರಿಂದ ಹಂತಗಳನ್ನು ಹೆಚ್ಚಿಸಿ, ಅಥವಾ ನೇರವಾಗಿ ವಿಳಂಬವನ್ನೇ ಸಮೀಕರಣಕ್ಕೆ ಸೇರಿಸಿ ನೋಡಿ.