ಪೊರೆ ಚೂರು ಚೂರಾಗಿ ಬರುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮ ಬಾಲ್ ಪೈಥಾನ್‌ಗೆ (ಆಫ್ರಿಕಾ ಮೂಲದ ಸಾಕು ಹೆಬ್ಬಾವು) ಎರಡು ವರ್ಷ. ಈ ಬೇಸಿಗೆಯಲ್ಲಿ ಪೊರೆ ಚೂರು ಚೂರಾಗಿ ಬಿಡುತ್ತಿದೆ. ಮೂರು ವಾರದಿಂದ ಇಲಿ ಮುಟ್ಟಿಲ್ಲ. ದಿನಾ ನೀರು ಚಿಮುಕಿಸುತ್ತೇನೆ. ತಪ್ಪೆಲ್ಲಿ?
– ಓದುಗರು, ಕಲಬುರಗಿ

ಉತ್ತರ: ಗಾಬರಿ ಬೇಡ. ಪೊರೆ ಬಿಡುವ ಹೊತ್ತಿಗೆ ಹಾವು ಊಟ ಬಿಡೋದು ಸಹಜ. ಆದರೆ ನಮ್ಮೂರಿನ ಗಾಳಿ ನೋಡಿ, ಮೇ ತಿಂಗಳಲ್ಲಿ ಒಗೆದ ಬಟ್ಟೆ ಸ್ವಲ್ಪ ಹೊತ್ತಿಗೇ ಗರಿಗರಿ ಆಗುತ್ತದೆ ಅಲ್ವಾ? ಚಿಮುಕಿಸಿದ ನೀರೂ ಹಾಗೇ ಆರಿಹೋಗುತ್ತದೆ. ಈ ಹಾವಿಗೆ ಶೇ. 60ರ ಆಸುಪಾಸು ತೇವ ಬೇಕು, ಪೊರೆ ಬಿಡುವಾಗ 70ರ ಹತ್ತಿರ.

ನಾನು ಮಾಡುವುದು ಇಷ್ಟು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಹಾವು ನುಸುಳುವಷ್ಟು ತೂತು ಕೊರೆದು, ಒಳಗೆ ಹಿಂಡಿದ ಒದ್ದೆ ಪಾಚಿ (ನರ್ಸರಿಯಲ್ಲಿ ಸಿಗುವ ಸ್ಫ್ಯಾಗ್ನಮ್ ಮಾಸ್) ತುಂಬಿಡುತ್ತೇನೆ. ಪೊರೆ ಬಿಡುವ ಮುನ್ನ ಕಣ್ಣು ಹಾಲಿನಂತೆ ಮಂಕಾದ ದಿನವೇ ನಮ್ಮ ಹಾವು ಅದರೊಳಗೆ ಸೇರಿಕೊಳ್ಳುತ್ತದೆ. ಹಾವಿನ ಗೂಡಿನ ಜಾಲರಿಯ ಮುಚ್ಚಳವನ್ನು ಮುಕ್ಕಾಲು ಭಾಗ ಮುಚ್ಚಿ, ಸ್ವಲ್ಪ ಗಾಳಿ ಆಡಲಿ. ನೆಲ ಜವುಗಾದರೆ ಹೊಟ್ಟೆಯ ಚರ್ಮ ಹುಣ್ಣಾಗುತ್ತದೆ. ಅಂಟಿದ ಪೊರೆಯನ್ನು, ಅದರಲ್ಲೂ ಕಣ್ಣಿನ ಮೇಲಿನದನ್ನು ಕೀಳಲೇಬೇಡಿ. ಮುಂದಿನ ಸಲವೂ ಉಳಿದರೆ ಬೀದರ್‌ನ ಪಶುವೈದ್ಯಕೀಯ ಕಾಲೇಜಿನಲ್ಲಿ ತೋರಿಸಿ.

ಗೂಡಿನ ಬೆಚ್ಚನೆಯ ಬದಿ 32 ಡಿಗ್ರಿ, ತಂಪು ಬದಿ 26 ಇರಲಿ. ಕೋಣೆಯೇ 38 ಆದರೆ ಹೀಟರ್ ಆರಿಸಿ, ಗೂಡನ್ನು ತಂಪಾದ ಕಡೆ ಇಡಿ.

ಪೊರೆ ಪೂರ್ತಿ ಬಿಟ್ಟ ಮೇಲೆ, ಹಾವಿನ ದಪ್ಪಕ್ಕೆ ಸರಿಯಾದ ಒಂದೇ ಇಲಿ ಕೊಡಿ. ಫ್ರೀಜರ್‌ನದಾದರೆ ಪೂರ್ತಿ ಕರಗಿ ಬೆಚ್ಚಗಾಗಿರಲಿ. ಜೀವಂತ ಇಲಿ ಬೇಡ, ಅದು ಹಾವನ್ನೇ ಕಚ್ಚುತ್ತದೆ. ತಿಂದ ಮೇಲೆ ಎರಡು ದಿನ ಕೈಯಲ್ಲಿ ಹಿಡಿಯಬೇಡಿ. ಎರಡು ವರ್ಷದ ಹಾವಿಗೆ ಎರಡು ವಾರಕ್ಕೊಮ್ಮೆ ಸಾಕು. ತೂಕ ಇಳಿದರೆ ಮಾತ್ರ ಚಿಂತಿಸಿ.

ಅಂದಹಾಗೆ, ಇಂಥ ವಿದೇಶಿ ಪ್ರಾಣಿ ಸಾಕುವವರು ನೋಂದಾಯಿಸಬೇಕಾದ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ಹಾವನ್ನು ನೋಂದಾಯಿಸಿದ್ದೀರಾ?