ಸ್ಕಾಟ್ಲೆಂಡಿನ ಮದುವೆಯಲ್ಲಿ ಕೇಲಿ (ceilidh) ಅನ್ನೋ ಅಲ್ಲಿನ ಗುಂಪು ಕುಣಿತ ಇದೆಯಂತೆ. ಹೆಜ್ಜೆ ಒಂದೂ ಗೊತ್ತಿಲ್ಲದೆ ಹೋದರೆ ನಡೆಯುತ್ತಾ?

ಧಾರಾಳವಾಗಿ ನಡೆಯುತ್ತೆ. ಸಾಮಾನ್ಯವಾಗಿ ಅಲ್ಲಿ 'ಕಾಲರ್' ಅಂತ ಒಬ್ಬರು ಇರುತ್ತಾರೆ. ಸಂಗೀತ ಶುರುವಾಗುವ ಮೊದಲು ಅವರು ಎಲ್ಲರನ್ನೂ ಸುಮ್ನೆ ನಡೆಸಿ ತೋರಿಸುತ್ತಾರೆ, ಆಮೇಲೆ ಕುಣಿಯುವಾಗಲೂ ಮುಂದೇನು ಅಂತ ಕೂಗಿ ಹೇಳುತ್ತಾರೆ.

ಗುಟ್ಟು ಇರುವುದು ಸಂಗೀತದಲ್ಲಿ. ಅಕಾರ್ಡಿಯನ್, ಪಿಟೀಲಿನ ಆ ರಾಗಗಳು 8 ಆವರ್ತದ (ತಾಳದ ಒಂದು ಸುತ್ತು, ಅಂದರೆ 'ಬಾರ್', ಒಂದು ಆವರ್ತ) ತುಂಡುಗಳಲ್ಲಿ ಸಾಗುತ್ತವೆ. ಕುಣಿತವೂ ಅದೇ ಅಳತೆಗೆ ಹೊಲಿದಿರುತ್ತದೆ. 'ಡ್ಯಾಶಿಂಗ್ ವೈಟ್ ಸಾರ್ಜೆಂಟ್' ಅನ್ನೋ ಕುಣಿತ ನೋಡಿ. ಮೂವರ ಎದುರು ಮೂವರು. ಮೊದಲ 8ಕ್ಕೆ ಕೈ ಹಿಡಿದು ಎಡಕ್ಕೆ ಸುತ್ತು, ಮತ್ತೆ ಬಲಕ್ಕೆ. ಮುಂದಿನ 8ಕ್ಕೆ ನಡುವಿನವರು ಅಕ್ಕಪಕ್ಕದವರನ್ನು ಒಬ್ಬೊಬ್ಬರಾಗಿ ತಿರುಗಿಸುತ್ತಾರೆ. ಆಮೇಲೆ ಮೂವರೂ '8'ರ ಆಕಾರದಲ್ಲಿ ಹೆಣೆದುಕೊಂಡು ಓಡಾಟ. ಕೊನೆಗೆ ಮುಂದೆ ಬಂದು, ಹಿಂದೆ ಸರಿದು, ಎದುರಿನವರನ್ನು ದಾಟಿದರೆ ಹೊಸ ಮೂವರು ಸಿಗುತ್ತಾರೆ. 32 ಆವರ್ತ ಮುಗೀತು, ಮತ್ತೆ ಮೊದಲಿಂದ. ತಪ್ಪಿದರೆ ಗಾಬರಿ ಬೇಡ. ರಾಗ ತಿರುಗುವ ತನಕ ನಿಂತು, ಸೇರಿಕೊಳ್ಳಿ. ಮೂರನೇ ಸುತ್ತಿಗೆ ಕಾಲಿಗೇ ಗೊತ್ತಾಗಿರುತ್ತದೆ. ನಮ್ಮ ಕೋಲಾಟದಲ್ಲೂ ಹೀಗೇ ಅಲ್ವಾ?

'ಸ್ಟ್ರಿಪ್ ದ ವಿಲ್ಲೋ' ಅನ್ನೋ ಕುಣಿತ ಮಾತ್ರ ಸ್ವಲ್ಪ ಜೋರು. ಒಮ್ಮೆ ಜೊತೆಗಾರರ ಬಲಗೈ, ಒಮ್ಮೆ ಸಾಲಾಗಿ ನಿಂತವರ ಎಡಗೈ ಹಿಡಿದು ಗಿರಗಿರ ತಿರುಗುತ್ತಾ ಹೋಗಬೇಕು. ಬೆರಳು ಹಿಡಿಯಬೇಡಿ, ಜಾರುತ್ತೆ. ಮೊಣಕೈ ಹತ್ತಿರ ಹಿಡಿಯಿರಿ. ಹೈ ಹೀಲ್ಸ್ ಬೇಡವೇ ಬೇಡ. ಕುಣಿಯೋ ಮೊದಲು ಊಟವೂ ಮಿತವಾಗಿರಲಿ, ಅನುಭವದ ಮಾತು.